ಬಾವಿಯನ್ನು ಕೇಳಿ ಮೀನು ತನ್ನಿ: ಕೆಲವು ಆಕ್ಷೇಪಗಳಿಗೆ ಉತ್ತರ

ಹೊಸದಾಗಿ ಅಕ್ವೇರಿಯಂ ಇಡುವವರು ಅಂಗಡಿಗೆ ಹೋಗುವ ಮೊದಲು ಮನೆಯ ನೀರು ಎಂಥದ್ದೆಂದು ತಿಳಿದುಕೊಳ್ಳಬೇಕು. ಎರಡು ಅಡಿಯ ಟ್ಯಾಂಕಿಗೆ ಮೊದಲ ತಿಂಗಳು ಆರು ಸಣ್ಣ ಮೀನಿಗಿಂತ ಹೆಚ್ಚು ಬಿಡಬಾರದು. ಸಾಕಿದ ಮೀನನ್ನು ಯಾವ ಕಾರಣಕ್ಕೂ ಹೊಳೆಗೆ ಸೇರಿಸಬಾರದು. ನಾನು ಹೇಳುತ್ತ ಬಂದಿರುವುದು ಇಷ್ಟೆ. ಇದರಲ್ಲಿ ಜಗಳಕ್ಕೆ ಎಡೆ ಇದೆಯೆಂದು ಯಾರಿಗಾದರೂ ಅನಿಸೀತೇ? ಆದರೆ ಬಂಟ್ವಾಳದವರಿಗೆ ಒಂದು ತಕರಾರು, ಬೆಳ್ತಂಗಡಿಯವರಿಗೆ ಇನ್ನೊಂದು, ಮೂಡುಬಿದಿರೆಯ ಹಿರಿಯರಿಗೆ ಬೇರೆಯೇ ಒಂದು. ಕೆಲವು ಗಟ್ಟಿಯಾದವು, ಕೆಲವು ಬರೀ ಬಾಯಿಮಾತು. ಒಂದೊಂದನ್ನೇ ತೆಗೆದುಕೊಳ್ಳುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ್ದು ಇದು: ನಾವು ಕುಡಿಯುವ ನೀರು ಮೀನಿಗೆ ಆಗುವುದಿಲ್ಲವೇ? ಬಾವಿಯದ್ದಾದರೇನು, ಬೋರಿನದ್ದಾದರೇನು, ನೀರೆಂದರೆ ನೀರು ತಾನೇ?

ಅಲ್ಲ. ನಾವು ನೀರನ್ನು ಲೋಟದಲ್ಲಿ ಕುಡಿದು ಮುಗಿಸುತ್ತೇವೆ. ಮೀನಿಗೆ ಅದೇ ನೀರು ಉಸಿರು, ಅದೇ ಕಕ್ಕಸು, ಇಪ್ಪತ್ತನಾಲ್ಕು ಗಂಟೆಯೂ ಚರ್ಮಕ್ಕೆ ಕಿವಿರಿಗೆ ತಾಗಿಕೊಂಡಿರುವುದು ಅದೇ. ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ನೆಲ ಹೆಚ್ಚಿನಂಶ ಮುರಕಲ್ಲು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಸುರಿಯುವ ಮಳೆ ಈ ನೆಲದ ಸುಣ್ಣದ ಅಂಶವನ್ನು ಸಾವಿರಾರು ವರ್ಷಗಳಿಂದ ತೊಳೆದು ಸಮುದ್ರಕ್ಕೆ ಹೊತ್ತಿದೆ. ಹಾಗಾಗಿ ತೆರೆದ ಬಾವಿಯ ನೀರು, ವಿಟ್ಲದ ಕಡೆಯ ಸುರಂಗದ ನೀರು, ಗುಡ್ಡದ ಒರತೆಯ ನೀರು ಎಲ್ಲವೂ ಸಾಮಾನ್ಯವಾಗಿ ಮೆದು, ತುಸು ಆಮ್ಲದ ಕಡೆಗೆ ವಾಲಿದ್ದು. ಅದೇ ಅಂಗಳದಲ್ಲಿ ನಾನೂರು ಅಡಿ ಕೊರೆದ ಬೋರಿನಿಂದ ಬರುವ ನೀರು ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ಕೂತು ಖನಿಜ ಕರಗಿಸಿಕೊಂಡದ್ದು. ಅದು ಗಡಸಾಗಿರಬಹುದು, ಕಬ್ಬಿಣದ ವಾಸನೆ ಇರಬಹುದು. ಒಂದೇ ಬೇಲಿಯ ಆಚೀಚೆ ಎರಡು ಬೇರೆ ನೀರು.

ಮೀನುಗಳೂ ಹಾಗೆಯೇ ಬೇರೆ ಬೇರೆ. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಗಡಸು ನೀರು ಒಗ್ಗುತ್ತದೆ. ಟೆಟ್ರಾ, ರಾಸ್ಬೋರಾ, ಬಹುತೇಕ ಬಾರ್ಬ್‌ಗಳು, ಗೌರಾಮಿ ಮತ್ತು ಏಂಜಲ್‌ಗೆ ಮೆದು ನೀರು ಹಿತ. ಹೊಸಬರ ಮನೆಗೆ ಮೊದಲು ಬರುವುದು ಯಾವುದು? ಗಪ್ಪಿ ಮತ್ತು ಮೋಲಿ. ಯಾಕೆ? ಅಗ್ಗ, ಬಣ್ಣ ಚೆಂದ, ಮರಿ ಹಾಕುತ್ತದೆ. ನಮ್ಮ ಅಂಗಡಿಗಳಿಗೆ ಬರುವ ಅಲಂಕಾರಿಕ ಮೀನುಗಳಲ್ಲಿ ದೊಡ್ಡ ಪಾಲು ಚೆನ್ನೈನ ಕೊಳತ್ತೂರಿನಂಥ ಕಡೆ ಸಾಕಿದ್ದು. ಅಲ್ಲಿಯ ನೆಲದ ನೀರು ಗಡಸು. ಅಂಥ ನೀರಿನಲ್ಲಿ ಹುಟ್ಟಿ ಬೆಳೆದ ಮೋಲಿಯನ್ನು ತಂದು ವೇಣೂರಿನ ಯಾರದೋ ಮನೆಯ ಮುರಕಲ್ಲು ಬಾವಿಯ ನೀರಿಗೆ ಸುರಿದರೆ ಅದು ವಾರದೊಳಗೆ ರೆಕ್ಕೆ ಮುದುಡಿಕೊಂಡು ನಿಂತಲ್ಲೇ ಅಲ್ಲಾಡತೊಡಗುತ್ತದೆ. ಮನೆಯವರು ಮೀನಿಗೆ ರೋಗ ಎನ್ನುತ್ತಾರೆ, ಅಂಗಡಿಯವರು ನೀಲಿ ಔಷಧ ಕೊಡುತ್ತಾರೆ. ರೋಗವೂ ಇಲ್ಲ, ಔಷಧವೂ ಬೇಕಾಗಿರಲಿಲ್ಲ.

ಪರೀಕ್ಷೆಗೆ ಲ್ಯಾಬ್ ಬೇಡ. ಗೀಸರಿನ ಕಾಯಿಲ್ ಮೇಲೆ, ನೀರು ಕುದಿಸುವ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುತ್ತದೆಯೇ ನೋಡಿ. ಕಟ್ಟಿದರೆ ಗಡಸು. ಸಾಬೂನು ಹಚ್ಚಿದಾಗ ಧಾರಾಳ ನೊರೆ ಬಂದು, ಎಷ್ಟು ತೊಳೆದರೂ ಕೈ ಜಾರುವ ಹಾಗೆ ಇದ್ದರೆ ಮೆದು. ಫಿಲ್ಟರ್ ರಿಪೇರಿಗೆ ಬರುವ ಹುಡುಗನ ಕಿಸೆಯಲ್ಲಿ ಟಿಡಿಎಸ್ ಮೀಟರ್ ಇರುತ್ತದೆ, ಅದ್ದಿ ನೋಡಲು ಹೇಳಿ. ಅಂಕೆ ನೂರರ ಕೆಳಗಿದ್ದರೆ ಮೆದು ನೀರಿನ ಮೀನು, ಮುನ್ನೂರು ದಾಟಿದರೆ ಗಡಸು ನೀರಿನ ಮೀನು, ನಡುವೆ ಇದ್ದರೆ ಎರಡಕ್ಕೂ ಹೊಂದಿಕೊಳ್ಳುವಂಥವು. ಟಿಡಿಎಸ್ ಎಂದರೆ ಗಡಸುತನವೇ ಅಲ್ಲ ಎಂದು ರಸಾಯನಶಾಸ್ತ್ರದ ಮೇಷ್ಟ್ರುಗಳು ತಿದ್ದಬಹುದು. ತಿದ್ದಲಿ, ಅವರು ಹೇಳುವುದು ಸರಿಯೇ. ಗಪ್ಪಿಯೋ ಟೆಟ್ರಾವೋ ಎಂದು ತೀರ್ಮಾನಿಸುವಷ್ಟಕ್ಕೆ ಈ ಅಂಕೆ ಸಾಕು.

ಎರಡನೆಯ ಆಕ್ಷೇಪ ಬೆಳ್ತಂಗಡಿಯ ಕಡೆಯದು, ಸ್ವಲ್ಪ ಜೋರಿನದ್ದು. ಟ್ಯಾಂಕ್ ತಂದ ದಿನವೇ ಹತ್ತು ಗೋಲ್ಡ್ ಫಿಶ್ ಬಿಟ್ಟಿದ್ದೇವೆ, ಒಂದೂ ಸತ್ತಿಲ್ಲ, ವರ್ಷಗಳೇ ಆದವು, ನಿಮ್ಮ ಅಮೋನಿಯ ನೈಟ್ರೈಟ್ ಎಲ್ಲ ಪುಸ್ತಕದ ಬದನೆಕಾಯಿ ಎಂದು.

ಹೀಗೆ ಹೇಳುವವರ ಮನೆಯ ವ್ಯವಸ್ಥೆ ಹೇಗಿದೆ ಎಂದು ಬಿಡಿಸಿ ಕೇಳಿದರೆ ಸಾಮಾನ್ಯವಾಗಿ ಹೊರಬೀಳುವ ಸಂಗತಿ ಹೀಗೆ. ಮೀನಿರುವುದು ಅಂಗಳದ ಸಿಮೆಂಟ್ ತೊಟ್ಟಿಯಲ್ಲಿ. ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿದ ನೀರು ಹಗಲೂ ರಾತ್ರಿ ತೊಟ್ಟಿಗೆ ಬಿದ್ದು, ತುಂಬಿ, ಹೊರಗಿನ ತೋಟಕ್ಕೆ ಹರಿಯುತ್ತಿರುತ್ತದೆ. ಚಾರ್ಮಾಡಿ, ದಿಡುಪೆ, ಶಿಶಿಲದ ಕಡೆ ಇಂಥ ಮನೆಗಳು ಬೇಕಾದಷ್ಟಿವೆ. ಮೀನಿನ ಹೊಲಸು ವಿಷವಾಗುವ ಮೊದಲೇ ಅಡಿಕೆ ಮರದ ಬುಡ ಸೇರಿರುತ್ತದೆ. ನೀರು ತಂಪು, ಆಮ್ಲಜನಕ ಧಾರಾಳ. ಅಲ್ಲಿ ಗೋಲ್ಡ್ ಫಿಶ್ ಬದುಕುವುದರಲ್ಲಿ ಆಶ್ಚರ್ಯವೇನಿದೆ? ಆ ಅನುಭವವನ್ನು ಐವತ್ತು ಲೀಟರಿನ ಗಾಜಿನ ಪೆಟ್ಟಿಗೆಗೆ ಅನ್ವಯಿಸಿ ಬಂಟ್ವಾಳದ ಫ್ಲ್ಯಾಟಿನವರಿಗೆ ಉಪದೇಶಿಸುವುದು ಮಾತ್ರ ತಪ್ಪು.

ಪೆಟ್ಟಿಗೆಯೊಳಗೆ ನಡೆಯುವುದು ಬೇರೆ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ಅದನ್ನು ನೈಟ್ರೈಟ್ ಮಾಡುವುದು ಒಂದು ಬಗೆಯ ಬ್ಯಾಕ್ಟೀರಿಯ, ನೈಟ್ರೈಟನ್ನು ನೈಟ್ರೇಟ್ ಮಾಡುವುದು ಇನ್ನೊಂದು. ಈ ಎರಡೂ ಪಂಗಡಗಳು ಫಿಲ್ಟರಿನ ಸ್ಪಂಜಿನಲ್ಲಿ, ಜಲ್ಲಿಯ ಮೇಲೆ ನೆಲೆಯೂರಲು ಮೂರರಿಂದ ಆರು ವಾರ ಬೇಕು. ಅಷ್ಟರವರೆಗೆ ಹೊಸ ಟ್ಯಾಂಕ್ ನೋಡಲು ಸ್ಫಟಿಕದ ಹಾಗಿದ್ದರೂ ಚರಂಡಿ ಇಲ್ಲದ ಮನೆ.

ಇಲ್ಲೊಂದು ಊರಿನ ವಿಶೇಷವಿದೆ, ಸತ್ತಿಲ್ಲ ಎನ್ನುವವರ ಮಾತಿಗೆ ಅರ್ಧ ಉತ್ತರ ಅದರಲ್ಲಿದೆ. ಅಮೋನಿಯ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ವಿಷ, ಇನ್ನೊಂದು ಬಹುಮಟ್ಟಿಗೆ ನಿರಪಾಯ. ಯಾವುದು ಎಷ್ಟಿರಬೇಕೆಂದು ನಿರ್ಧರಿಸುವುದು ಮುಖ್ಯವಾಗಿ ಪಿಎಚ್. 28 ಡಿಗ್ರಿಯ ನೀರಿನಲ್ಲಿ ಪಿಎಚ್ 6 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷದ ಪಾಲು ಸಾವಿರಕ್ಕೆ ಒಂದೂ ಇಲ್ಲ. ಪಿಎಚ್ 7 ಆದರೆ ಸಾವಿರಕ್ಕೆ 7, ಪಿಎಚ್ 8 ಆದರೆ ಸಾವಿರಕ್ಕೆ ಸುಮಾರು 65. ನಮ್ಮ ಬಾವಿ ನೀರು ಆಮ್ಲದ ಕಡೆಗಿರುವುದರಿಂದ ಎಷ್ಟೋ ಮನೆಗಳಲ್ಲಿ ಮೀನು ತನ್ನ ಹೊಲಸಿನ ನಡುವೆಯೇ ತಿಂಗಳುಗಟ್ಟಲೆ ಬದುಕಿರುತ್ತದೆ. ಅಷ್ಟು ಆಮ್ಲದ ನೀರಿನಲ್ಲಿ ಆ ಬ್ಯಾಕ್ಟೀರಿಯಗಳ ಕೆಲಸವೂ ನಿಧಾನವಾಗುತ್ತದೆ, ಹಾಗಾಗಿ ಅಮೋನಿಯ ಕಡಿಮೆಯಾಗದೆ ಸೇರುತ್ತಲೇ ಹೋಗುತ್ತದೆ. ಏಪ್ರಿಲ್ ಕೊನೆಗೆ ಬಾವಿ ತಳ ಕಾಣುತ್ತದೆ. ಮನೆಯವರು ಪಕ್ಕದ ಮನೆಯ ಬೋರಿನಿಂದಲೋ ಟ್ಯಾಂಕರಿನಿಂದಲೋ ನೀರು ತಂದು ಅಕ್ವೇರಿಯಂಗೂ ಅರ್ಧ ತುಂಬುತ್ತಾರೆ. ಪಿಎಚ್ ಒಂದೇ ಸಲಕ್ಕೆ ಮೇಲೇರುತ್ತದೆ, ಅಷ್ಟು ದಿನ ಸುಮ್ಮನಿದ್ದ ಅಮೋನಿಯದಲ್ಲಿ ವಿಷದ ಪಾಲು ಹತ್ತು ಪಟ್ಟು, ಐವತ್ತು ಪಟ್ಟು ಆಗುತ್ತದೆ. ಸಂಜೆಯೊಳಗೆ ಎಲ್ಲ ಮೀನೂ ಮೇಲೆ ತೇಲುತ್ತವೆ. ಬೋರಿನ ನೀರಿಗೆ ಯಾರೋ ಏನೋ ಹಾಕಿದ್ದಾರೆ ಎಂದು ಗುಮಾನಿ ಪಡುತ್ತಾರೆ. ಯಾರೂ ಏನೂ ಹಾಕಿರುವುದಿಲ್ಲ ಮಾರಾಯ್ರೆ. ಬಾವಿ ನೀರಿನ ಟ್ಯಾಂಕಿನವರು ಫಿಲ್ಟರಿನೊಳಗೆ ಒಂದು ಹಿಡಿ ತೊಳೆದ ಮರುವಾಯಿ ಚಿಪ್ಪು ಇಟ್ಟರೆ ಪಿಎಚ್ ಅತಿಯಾಗಿ ಕುಸಿಯುವುದಿಲ್ಲ. ಚಿಪ್ಪು ನಮ್ಮಲ್ಲಿ ದುಡ್ಡು ಕೊಟ್ಟು ತರಬೇಕಾದ ವಸ್ತುವೇನೂ ಅಲ್ಲ.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ವಾದ: ಮೊದಲು ಅಗ್ಗದ ಗೋಲ್ಡ್ ಫಿಶ್ ಬಿಟ್ಟು ನೋಡುವುದು, ಸತ್ತರೆ ಸಾಯಲಿ, ಆಮೇಲೆ ದುಬಾರಿ ಮೀನು. ಕ್ರೌರ್ಯದ ಮಾತನ್ನು ಬದಿಗಿಟ್ಟರೂ ಇದು ಕೆಟ್ಟ ಪರೀಕ್ಷೆ. ಗೋಲ್ಡ್ ಫಿಶ್ ತಿನ್ನುವುದೂ ಹೆಚ್ಚು, ಹೊಲಸು ಮಾಡುವುದೂ ಹೆಚ್ಚು. ಹೊಸ ಟ್ಯಾಂಕಿಗೆ ಅದಕ್ಕಿಂತ ಭಾರದ ಮೀನಿಲ್ಲ. ಅದು ತಣ್ಣೀರಿನ ಮೀನು, 18ರಿಂದ 24 ಡಿಗ್ರಿ ಅದಕ್ಕೆ ಸುಖ. ನಮ್ಮ ಮನೆಗಳ ನೀರು ಬೇಸಿಗೆಯಲ್ಲಿ 30 ದಾಟುತ್ತದೆ. ಶುದ್ಧ ನೀರು 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ. ಸರಿಯಾಗಿ ಸಾಕಿದರೆ ಹತ್ತು ಹದಿನೈದು ವರ್ಷ ಬದುಕಿ ಅಂಗೈಗಿಂತ ಉದ್ದ ಬೆಳೆಯುವ ಜೀವವನ್ನು ಎರಡು ಅಡಿಯ ಬಿಸಿ ಪೆಟ್ಟಿಗೆಯಲ್ಲಿ ಪರೀಕ್ಷೆಗೆ ಒಡ್ಡುವುದಾದರೆ ಆ ಪರೀಕ್ಷೆಯಲ್ಲಿ ಫೇಲಾಗುವುದು ಮೀನಲ್ಲ.

ಅಂಗಡಿಯವರ ಕಡೆಯಿಂದ ಬಂದ ವಾದವೂ ಇದೆ. ಒಂದು ಗ್ಯಾಲನ್ನಿಗೆ ಒಂದು ಇಂಚು ಮೀನು ಎಂಬ ಲೆಕ್ಕ ಲೋಕಕ್ಕೆಲ್ಲ ಗೊತ್ತು, ಎರಡು ಅಡಿಯ ಟ್ಯಾಂಕಿನಲ್ಲಿ ಹನ್ನೆರಡು ಗ್ಯಾಲನ್ ಹಿಡಿಯುತ್ತದೆ, ಎರಡಿಂಚಿನ ಆರು ಶಾರ್ಕ್ ಕೊಟ್ಟರೆ ತಪ್ಪೇನು ಎಂದು. ಲೆಕ್ಕ ಕಾಗದದ ಮೇಲೆ ಸರಿ. ಆದರೆ ಉದ್ದ ಹತ್ತು ಪಟ್ಟಾದರೆ ಮೈಯ ಗಾತ್ರ ಸಾವಿರ ಪಟ್ಟಾಗುತ್ತದೆ. ಹತ್ತಿಂಚಿನ ಒಂದು ಮೀನು ಒಂದಿಂಚಿನ ಹತ್ತು ಮೀನುಗಳಿಗೆ ಸಮವಲ್ಲ. ಅಂಗಡಿಯಲ್ಲಿ ಶಾರ್ಕ್ ಎಂದು ಮಾರುವ ಬೆಳ್ಳಿ ಬಣ್ಣದ ಮೀನು ಶಾರ್ಕಂತೂ ಅಲ್ಲವೇ ಅಲ್ಲ. ಅದು ಆಗ್ನೇಯ ಏಷ್ಯದ ಮೆಕಾಂಗ್ ಮತ್ತು ಚಾವೊ ಫ್ರಾಯ ನದಿಗಳ ಪಂಗಾಸಿಯಸ್, ಹೋಟೆಲುಗಳಲ್ಲಿ ಬಾಸಾ ಎಂಬ ಹೆಸರಿನಲ್ಲಿ ತಟ್ಟೆಗೆ ಬರುವುದೂ ಹೆಚ್ಚಾಗಿ ಅದೇ. ಪೂರ್ತಿ ಬೆಳೆದರೆ ಒಂದು ಮೀಟರ್ ಮೀರುತ್ತದೆ. ಆಸ್ಕರ್ ಒಂದಡಿ ಬೆಳೆಯುತ್ತದೆ. ಅರೋವಾನ ಮೂರಡಿಯ ತನಕ. ಟ್ಯಾಂಕಿನ ಅಳತೆಗೆ ತಕ್ಕ ಹಾಗೆ ಮೀನು ಸಣ್ಣದಾಗಿಯೇ ಉಳಿಯುತ್ತದೆ ಎನ್ನುವವರಿದ್ದಾರೆ. ಹೌದು, ಕೆಲವೊಮ್ಮೆ ಉಳಿಯುತ್ತದೆ. ಹೊಲಸು ನೀರಿನಲ್ಲಿ ಬೆಳವಣಿಗೆ ಕುಂಠಿತವಾಗಿ, ಬೆನ್ನು ಸೊಟ್ಟಗಾಗಿ, ಬೇಗ ಸಾಯುತ್ತದೆ. ಅದನ್ನು ಹೊಂದಾಣಿಕೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಮೀನನ್ನು ಆರಿಸುವಾಗ ಅಂಗಡಿಯಲ್ಲಿ ಕಂಡ ಉದ್ದವನ್ನು ಬಿಟ್ಟು ಎರಡು ವರ್ಷದ ನಂತರದ ಉದ್ದವನ್ನು ಕೇಳಿ. ಹೇಳಲು ಹಿಂಜರಿಯುವ ಅಂಗಡಿಯಿಂದ ಬರಿಗೈಯಲ್ಲಿ ಹೊರಗೆ ಬನ್ನಿ.

ಸಕ್ಕರ್ ಮೀನು ಇಟ್ಟರೆ ಟ್ಯಾಂಕ್ ತಿಕ್ಕುವ ಕೆಲಸವಿಲ್ಲ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. ಮರಿಯಾಗಿದ್ದಾಗ ಪಾಚಿ ತಿನ್ನುವುದು ನಿಜ. ಆದರೆ ತಿಂದದ್ದು ಅದರ ಹಿಂದಿನಿಂದ ದಾರದ ಹಾಗೆ ಹೊರಬಂದು ಟ್ಯಾಂಕಿನಲ್ಲೇ ಇರುತ್ತದೆ. ದೊಡ್ಡದಾದ ಮೇಲೆ ಪಾಚಿಗಿಂತ ಉಳಿದ ಮೀನುಗಳ ಮೈಯ ಲೋಳೆಯೇ ಅದಕ್ಕೆ ರುಚಿಸಲೂಬಹುದು. ಪಾಚಿ ಹೆಚ್ಚಾದರೆ ದೀಪ ಹೊತ್ತಿಸುವ ಹೊತ್ತು ಕಡಿಮೆ ಮಾಡಿ, ಕಿಟಕಿಯ ಬಿಸಿಲು ತಪ್ಪಿಸಿ, ವಾರಕ್ಕೊಮ್ಮೆ ಸ್ಪಂಜಿನಿಂದ ಒರೆಸಿ. ಐದು ನಿಮಿಷದ ಕೆಲಸಕ್ಕೆ ಒಂದೂವರೆ ಅಡಿ ಬೆಳೆಯುವ ಜಾಡಮಾಲಿ ಬೇಡ.

ವಾಸ್ತು ಪ್ರಕಾರ ಒಂಬತ್ತು ಮೀನು ಬೇಕು, ಎಂಟು ಬಂಗಾರದ ಬಣ್ಣದ್ದು, ಒಂದು ಕಪ್ಪು, ಎಂದು ಪಟ್ಟು ಹಿಡಿದವರಿಗೆ: ಎಂಟು ಗೋಲ್ಡ್ ಫಿಶ್, ಒಂದು ಕಪ್ಪು ಮೂರ್ ಎಂಬ ಈ ಲೆಕ್ಕ ಚೀನದ ಫೆಂಗ್ ಶೂಯಿಯಿಂದ ಬಂದದ್ದು. ಒಂಬತ್ತೇ ಬೇಕೆಂದಾದರೆ ಜೀಬ್ರಾ ಮೀನು ಬಿಡಿ, ಮೊದಲ ತಿಂಗಳು ಆರು, ಆಮೇಲೆ ಮೂರು, ಅವುಗಳಲ್ಲಿ ಬಂಗಾರದ ಬಣ್ಣದವೂ ಸಿಗುತ್ತವೆ. ಲಕ್ಷ್ಮಿಗೆ ತಳಿಯ ಬಗ್ಗೆ ತಕರಾರಿರಲಾರದು.

ಇನ್ನು ಮೂಡುಬಿದಿರೆಯ ಕಾಲೇಜು ಹುಡುಗರ ವಾದ. ಇದು ಕೇಳಲು ಬಹಳ ಹಿತ. ವಿದೇಶಿ ಮೀನು ಬೇಡ ಎಂದು ನೀವೇ ಹೇಳುತ್ತೀರಿ, ಹಾಗಾದರೆ ಮಳೆ ಶುರುವಾದಾಗ ತೋಡಿನಲ್ಲಿ ಪುಕ್ಕಟೆ ಸಿಗುವ ಊರ ಮೀನನ್ನೇ ಹಿಡಿದು ತಂದರಾಯಿತಲ್ಲ, ನೀರೂ ನಮ್ಮದೇ, ಮೀನೂ ನಮ್ಮದೇ.

ವಿದೇಶಿ ಮೀನು ಬೇಡ ಎಂದು ನಾನು ಹೇಳಿಲ್ಲ, ನೀರಿಗೆ ಹೊಂದದ ಮೀನು ಬೇಡ ಎಂದಿದ್ದೇನೆ. ಅದಿರಲಿ. ಪಶ್ಚಿಮಘಟ್ಟದ ಹೊಳೆಗಳಲ್ಲಿ ಅಕ್ವೇರಿಯಂ ಲೋಕವೇ ಬೆರಗಾಗುವಂಥ ಮೀನುಗಳಿರುವುದು ಸುಳ್ಳಲ್ಲ. ಕೆಂಪು ಮೈಗೆ ಕಪ್ಪು ಪಟ್ಟೆಯ ಮೆಲನ್ ಬಾರ್ಬನ್ನು ನಿಸರ್ಗತಜ್ಞ ಜರ್ಡನ್ 1849ರಲ್ಲೇ ವಿವರಿಸಿದ್ದ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್ ಈ ಜಿಲ್ಲೆಯ ಹೊಳೆಗಳಲ್ಲಿ ಗಾಳ ಹಾಕಿದ ಅನುಭವದಿಂದ ‘ದಿ ರಾಡ್ ಇನ್ ಇಂಡಿಯಾ’ ಬರೆದು 1873ರಲ್ಲಿ ಮಂಗಳೂರಿನಲ್ಲೇ ಅಚ್ಚು ಹಾಕಿಸಿದ. ಮೈಯ ಆಚೆಗಿನದು ಕಾಣುವಂಥ ನಮ್ಮ ಗಾಜು ಮೀನೊಂದಕ್ಕೆ ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ ಇಟ್ಟಿರುವುದು ಇದೇ ಥಾಮಸನ ಹೆಸರು. ಹೊಳೆಗಳಲ್ಲಿ ಮೀನುಮರಿಗಳ ನಾಶ ತಡೆಯಬೇಕೆಂದು ಅಂದೇ ವಾದಿಸಿದವನೂ ಥಾಮಸನೇ. ನೂರೈವತ್ತು ವರ್ಷದ ನಂತರವೂ ನಾವು ಅದೇ ಮಾತಾಡುತ್ತಿದ್ದೇವೆ.

ತೋಡಿನ ಮೀನು ಬೇಡ ಎನ್ನಲು ಕಾರಣಗಳಿವೆ. ಮೊದಲ ಮಳೆಗೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರಿ ಬರುವ ಉಬರ್ ಮೀನು ಬರುವುದು ಮೊಟ್ಟೆ ಇಡಲು. ಆಗ ಹಿಡಿದದ್ದು ಒಂದು ಮೀನಲ್ಲ, ಆ ವರ್ಷದ ಒಂದು ಸಂತಾನ. ಬಾಟಲಿಯಲ್ಲಿ ಸಿಕ್ಕಿದ ಬೆರಳುದ್ದದ ಬೆಳ್ಳಿ ಮರಿ ಯಾವುದೆಂದು ಹಿಡಿದವನಿಗೇ ಗೊತ್ತಿರುವುದಿಲ್ಲ. ಅದು ಮೂರಿಂಚಿಗೆ ನಿಲ್ಲುವ ಮೀನಿರಬಹುದು, ಮೊಣಕೈಯುದ್ದ ಬೆಳೆಯುವ ದೇವರ ಮೀನಿನ ಮರಿಯೂ ಇರಬಹುದು. ಹರಿವ ನೀರಿನ ಮೀನು ನಿಂತ ನೀರಿನಲ್ಲಿ ಏದುಸಿರು ಬಿಡುತ್ತದೆ, ಒಣ ಆಹಾರ ಮೂಸಿಯೂ ನೋಡುವುದಿಲ್ಲ. ಹುಳ ಹುಪ್ಪಟೆಗಳ ಉಪದ್ರವ ಬೇರೆ.

ಆಸೆಗೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಿಸ್ ಕೇರಳ ಎಂದು ಮಾರಾಟವಾಗುವ ಡೆನಿಸನ್ ಬಾರ್ಬ್ ಇದೆ. ಡೇ 1865ರಲ್ಲಿ ವಿವರಿಸಿದ ಈ ಮೀನು ಕೇರಳದ ಕೆಲವು ಹೊಳೆಗಳಲ್ಲಿ, ನಮ್ಮ ನೆರೆಯ ಚಂದ್ರಗಿರಿಯಲ್ಲಿ ಇರುವಂಥದ್ದು. ತೊಂಬತ್ತರ ದಶಕದ ಕೊನೆಗೆ ಹೊರದೇಶದ ಅಕ್ವೇರಿಯಂ ಮಾರುಕಟ್ಟೆ ಅದರ ಕೆಂಪು ಗೆರೆಗೆ ಮರುಳಾಯಿತು. ಹಿಡಿದು ಹಿಡಿದು ಸಾಗಿಸಿದರು. 2008ರಲ್ಲಿ ಕೇರಳ ಸರ್ಕಾರ ಹಿಡಿಯುವುದಕ್ಕೆ ಕಡಿವಾಣ ಹಾಕಬೇಕಾಯಿತು. ಈಗ ಅದು ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿದೆ. ಸಾಕಿ ಮರಿ ಮಾಡಿಸುವ ವಿಧಾನ ಆಮೇಲೆ ಕೈಗೂಡಿತು ಎಂಬುದೊಂದೇ ಸಮಾಧಾನ. ಹೊಸ ಟ್ಯಾಂಕಿಗೆ ಅದು ಹೇಗೂ ತಕ್ಕ ಮೀನಲ್ಲ. ಗುಂಪಾಗಿ ಈಜುವ, ಅಂಗೈ ಮೀರಿ ಬೆಳೆಯುವ, ತಂಪಾದ ಹರಿವ ನೀರು ಬೇಡುವ ಜೀವಕ್ಕೆ ನಾಲ್ಕು ಅಡಿಯೂ ಸಾಲದು. ಊರ ಮೀನೇ ಬೇಕೆಂಬ ಹುಡುಗರಿಗೆ ನನ್ನ ಉತ್ತರ ಜೀಬ್ರಾ. ನಿಸರ್ಗತಜ್ಞ ಹ್ಯಾಮಿಲ್ಟನ್ 1822ರಲ್ಲಿ ಹೆಸರಿಟ್ಟ ಈ ಮೀನು ಅಪ್ಪಟ ಭಾರತದ್ದು, ಇಂದು ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಇದೆ, ಅಂಗಡಿಗೆ ಬರುವುದು ಸಾಕಿ ಬೆಳೆಸಿದ್ದೇ. ಬೆಲೆಯೂ ಒಂದು ಚಹಾ ಬನ್ಸಿನಷ್ಟು.

ಕೊನೆಗೆ ಉಳಿಯುವುದು ನನಗೆ ಸಿಟ್ಟು ತರಿಸುವ ಒಂದೇ ಒಂದು ವಾದ. ಮೀನು ದೊಡ್ಡದಾದರೆ ಹೊಳೆಗೆ ಬಿಟ್ಟರಾಯಿತು, ಅದಕ್ಕೂ ಬಿಡುಗಡೆ, ನಮಗೂ ಪುಣ್ಯ. ಕೆಲವರು ಜಾಗವನ್ನೂ ಸೂಚಿಸುತ್ತಾರೆ. ದೇವಸ್ಥಾನದ ಕೆರೆ, ಬಸದಿಯ ಕೆರೆ, ಶಿಶಿಲದ ಮತ್ಸ್ಯತೀರ್ಥ.

ಶಿಶಿಲೇಶ್ವರನ ಸನ್ನಿಧಿಯಲ್ಲಿ ಕಪಿಲಾ ನದಿಯ ಮೀನುಗಳಿಗೆ ಅಕ್ಕಿ ಹಾಕದೆ ಬಂದ ಭಕ್ತರಿಲ್ಲ. ಆ ಮೀನುಗಳನ್ನು ಹಿಡಿಯುವುದು ಊರಿನವರ ಕಲ್ಪನೆಯಲ್ಲೂ ಇಲ್ಲ. 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಸಾವಿರಾರು ಮೀನುಗಳು ಸತ್ತಾಗ ಊರಿನವರು ಆ ಮೀನುಗಳಿಗೆ ಸ್ಮಾರಕವನ್ನೇ ಕಟ್ಟಿದರು. ಮೀನಿಗೆ ಸ್ಮಾರಕ ಕಟ್ಟಿದ ಊರು ಬೇರೆ ಎಲ್ಲಿದೆ? ಅಂಥ ನೀರಿಗೆ ಅಂಗಡಿಯ ಸಕ್ಕರನ್ನೋ ರೆಡ್ ಬೆಲ್ಲಿ ಮೀನನ್ನೋ ಬಿಡುವುದು ಪುಣ್ಯ ಎನ್ನುವವರಿಗೆ ನಾನು ಕೇಳುವುದು ಇಷ್ಟು: ವಿಷ ಒಂದು ದಿನದಲ್ಲಿ ಹರಿದು ಹೋಗುತ್ತದೆ, ನೆಲೆನಿಂತು ಮರಿ ಹಾಕುವ ಮೀನನ್ನು ಯಾರು ಹೊರಗೆ ಹಾಕುತ್ತಾರೆ? ಸಕ್ಕರ್ ಮೀನು ಗಾಳಿಯನ್ನೂ ಉಸಿರಾಡಬಲ್ಲದು, ನೀರಿಲ್ಲದೆಯೂ ಗಂಟೆಗಟ್ಟಲೆ ಬದುಕಬಲ್ಲದು, ದಡದ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ. ಕೇರಳ, ತಮಿಳುನಾಡು, ಆಂಧ್ರದ ನೀರುಗಳಲ್ಲಿ ಆಗಲೇ ಅದು ಬೀಡು ಬಿಟ್ಟಿದೆ, ಅಲ್ಲಿಯ ಮೀನುಗಾರರ ಬಲೆ ಹರಿಯುತ್ತಿದೆ. 2018ರ ಕೇರಳದ ನೆರೆಯ ನಂತರ ಅಮೆಜಾನಿನ ಅರಾಪೈಮ ಅಲ್ಲಿಯ ಹೊಳೆಗಳಲ್ಲಿ ಸಿಕ್ಕಿತು. ಅದನ್ನು ಯಾರೂ ಪುಣ್ಯಕ್ಕೆಂದು ಬಿಟ್ಟದ್ದಲ್ಲ, ಸಾಕಿದ ಕೊಳಗಳು ಉಕ್ಕಿ ಹೋದದ್ದು. ನಮ್ಮಲ್ಲಿ ನೆರೆ ಬರುವುದಿಲ್ಲವೇ? 1974ರ ನೆರೆಯನ್ನು ಬಂಟ್ವಾಳದ ಹಿರಿಯರು ಇನ್ನೂ ಗೋಡೆಯ ಗುರುತು ತೋರಿಸಿ ಹೇಳುತ್ತಾರೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಘಟ್ಟದ ಬುಡದ ಊರುಗಳು ಕಂಡ ನೆರೆಯನ್ನು ಮರೆಯುವಂತಿಲ್ಲ. ತಗ್ಗಿನಲ್ಲಿರುವ ತೋಟದ ಕೆರೆ, ಮದಕ, ಬಸದಿಯ ಕೆರೆ ಎಲ್ಲವೂ ಒಂದು ದೊಡ್ಡ ಮಳೆಗೆ ತೋಡಿನ ಮೂಲಕ ನೇತ್ರಾವತಿಗೋ ಫಲ್ಗುಣಿಗೋ ಸೇರಿಕೊಳ್ಳುತ್ತವೆ. ಕೆರೆಗೆ ಬಿಟ್ಟೆ, ಹೊಳೆಗಲ್ಲ ಎಂಬ ಸಬೂಬು ನಮ್ಮ ಜಿಲ್ಲೆಯಲ್ಲಿ ನಿಲ್ಲುವುದಿಲ್ಲ.

ಆರೋಗ್ಯ ಇಲಾಖೆಯವರೇ ಸೊಳ್ಳೆ ಮರಿ ತಿನ್ನಲಿ ಎಂದು ಬಾವಿಗೆ ಗಪ್ಪಿ ಬಿಡುತ್ತಾರಲ್ಲ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆ. ಮಲೇರಿಯ, ಡೆಂಗಿ ಕಾಡುವ ಜಿಲ್ಲೆಯಲ್ಲಿ ಮುಚ್ಚಿದ ಬಾವಿಗೆ, ಕಟ್ಟಡದ ಟ್ಯಾಂಕಿಗೆ ಗಪ್ಪಿ ಬಿಡುವುದಕ್ಕೆ ನನ್ನ ವಿರೋಧವಿಲ್ಲ. ಆ ನೀರು ಎಲ್ಲಿಗೂ ಹರಿಯುವುದಿಲ್ಲ. ತೋಡಿಗೆ ಬಿಡುವುದಾದರೆ ಇಲಾಖೆಯದ್ದಾದರೂ ತಪ್ಪು ತಪ್ಪೇ. ಸೊಳ್ಳೆ ಮರಿ ತಿನ್ನುವ ಊರ ಮೀನುಗಳು ತೋಡಿನಲ್ಲಿ ಮೊದಲೇ ಇವೆ.

ಸಾಕಲಾಗದಷ್ಟು ಬೆಳೆದ ಮೀನನ್ನು ಏನು ಮಾಡುವುದು? ಕೊಂಡ ಅಂಗಡಿಗೇ ಹಿಂತಿರುಗಿಸಿ. ದೊಡ್ಡ ಟ್ಯಾಂಕ್ ಇರುವವರನ್ನು ಹುಡುಕಿ ಕೊಡಿ. ಮಂಗಳೂರಿನ ಎಕ್ಕೂರಿನಲ್ಲಿರುವ, 1969ರಲ್ಲಿ ಶುರುವಾದ ಮೀನುಗಾರಿಕಾ ಕಾಲೇಜಿನಲ್ಲಿ ವಿಚಾರಿಸಿ. ಇದು ಯಾವುದೂ ಆಗುವುದಿಲ್ಲ ಎಂದಾದರೆ ಅಂಥ ಮೀನನ್ನು ಕೊಳ್ಳುವ ಮೊದಲೇ ಯೋಚಿಸಬೇಕಿತ್ತು ಎಂದರ್ಥ.

ಮೂಡುಬಿದಿರೆಯ ಹಿರಿಯರ ಆಕ್ಷೇಪಕ್ಕೆ ಬರುತ್ತೇನೆ. ಸಾವಿರ ಕಂಬದ ಬಸದಿಯ ನೆರಳಿನಲ್ಲಿ ಬದುಕಿದವರ ಮಾತು ಅದು, ಹಗುರವಾಗಿ ತೆಗೆದುಕೊಳ್ಳಲಾಗದು. ಯಾವ ಮೀನು, ಎಷ್ಟು ಮೀನು ಎಂಬ ಚರ್ಚೆಯೇ ಅನಗತ್ಯ, ಜೀವವನ್ನು ಗಾಜಿನೊಳಗೆ ಕೂಡಿಹಾಕುವುದೇ ಹಿಂಸೆ ಎನ್ನುತ್ತಾರೆ ಅವರು. ಸಾಕಬಾರದು ಎಂದು ನಿರ್ಧರಿಸಿದವರ ಜತೆ ನನಗೆ ವಾದವಿಲ್ಲ, ಅವರು ನನಗಿಂತ ಒಂದು ಮೆಟ್ಟಿಲು ಮೇಲೆಯೇ ಇದ್ದಾರೆ. ಆದರೆ ಕರುಣೆಯಿಂದ ಅಂಗಡಿಯ ಮೀನು ಕೊಂಡು ಕೆರೆಗೆ ಬಿಡುವ ಜೀವದಯೆಯನ್ನು ಮಾತ್ರ ಒಪ್ಪಲಾರೆ. ಕೊಂಡ ಹತ್ತರ ಜಾಗಕ್ಕೆ ಅಂಗಡಿಯವನು ಮರುವಾರವೇ ಇಪ್ಪತ್ತು ತರಿಸುತ್ತಾನೆ. ಬಿಟ್ಟ ಹತ್ತರಲ್ಲಿ ಎಂಟು ಸಾಯುತ್ತವೆ, ಉಳಿದ ಎರಡು ಕೆರೆಯ ಮೂಲ ಮೀನುಗಳನ್ನು ಸಾಯಿಸುತ್ತವೆ. ಸಾಕುವವರಿಗೆ ಅವರ ಮಾತಿನಿಂದ ಆಗುವ ಉಪಕಾರ ಇದು: ಕಡಿಮೆ ಸಾಕಿ, ಸಣ್ಣದನ್ನು ಸಾಕಿ, ಸಾಯದ ಹಾಗೆ ಸಾಕಿ.

ಬೇಡ ಬೇಡ ಎಂದೇ ಹೇಳುತ್ತೀರಿ, ಬೇಕಾದದ್ದು ಯಾವುದು ಎಂದು ಕೇಳಿದವರು ಸರಿಯಾಗಿಯೇ ಕೇಳಿದ್ದಾರೆ. ಬಾವಿ ನೀರಿನ ಮನೆಗೆ, ಎರಡು ಅಡಿಯ ಟ್ಯಾಂಕಿಗೆ: ಮೊದಲು ಆರು ಜೀಬ್ರಾ ಅಥವಾ ಆರು ಚೆರ್ರಿ ಬಾರ್ಬ್. ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತ ಒಂದು ತಿಂಗಳು ಕಾಯಿರಿ. ಸಾಕುತ್ತಿರುವ ಗೆಳೆಯರಿದ್ದರೆ ಅವರ ಹಳೆಯ ಫಿಲ್ಟರಿನ ಸ್ಪಂಜಿನ ತುಂಡೊಂದನ್ನು ಕೇಳಿ ತನ್ನಿ, ಅಂಗಡಿಯ ಬಾಟಲಿಗಿಂತ ಅದು ಎಷ್ಟೋ ಪಾಲು ಮೇಲು. ಆಮೇಲೆ ಒಂದು ಜೋಡಿ ಹನಿ ಗೌರಾಮಿ. ಗೌರಾಮಿ ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡುವ ಜಾತಿ, ಆಟಿ ತಿಂಗಳಲ್ಲಿ ರಾತ್ರಿಯಿಡೀ ಕರೆಂಟಿಲ್ಲದೆ ಏರ್ ಪಂಪ್ ನಿಂತರೂ ಉಳಿಯುತ್ತದೆ. ಬೋರ್ ನೀರಿನ ಮನೆಗೆ ಐದಾರು ಪ್ಲಾಟಿ, ಇಲ್ಲವೇ ಗಂಡು ಗಪ್ಪಿಗಳು ಮಾತ್ರ. ಹೆಣ್ಣು ಸೇರಿದರೆ ಮೂರು ತಿಂಗಳಲ್ಲಿ ಹಂಚಲು ಮನೆ ಹುಡುಕಬೇಕಾಗುತ್ತದೆ. ಟ್ಯಾಂಕ್ ಒಂದಡಿಯದ್ದಾದರೆ ಒಂದೇ ಒಂದು ಫೈಟರ್, ಜತೆಗೆ ಬೇರೆ ಯಾರೂ ಬೇಡ. ಟೈಗರ್ ಬಾರ್ಬನ್ನು ಏಂಜಲ್ ಜತೆ ಇಡಬೇಡಿ, ಉದ್ದ ರೆಕ್ಕೆ ಕಂಡರೆ ಕಚ್ಚುತ್ತದೆ. ಏಂಜಲನ್ನು ನಿಯಾನ್ ಟೆಟ್ರಾ ಜತೆ ಇಡಬೇಡಿ, ಬೆಳೆದ ಮೇಲೆ ನುಂಗುತ್ತದೆ. ಪಂಚಾಯತ್ ನಳ್ಳಿಯ ನೀರಾದರೆ, ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ, ಬಕೆಟಿನಲ್ಲಿ ಒಂದು ರಾತ್ರಿ ತೆರೆದಿಟ್ಟು ಬಳಸಿ.

ಆ ಬಕೆಟ್ ಅಕ್ವೇರಿಯಂಗೆಂದೇ ಬೇರೆ ಇರಲಿ. ಅಡಿಕೆಗೆ ಮದ್ದು ಬಿಡುವ ಮನೆಗಳಲ್ಲಿ ಮೈಲುತುತ್ತು ಕಲಸಿದ ಬಕೆಟ್, ಡ್ರಮ್, ಪೈಪು ಎಷ್ಟು ತೊಳೆದಿದ್ದರೂ ಟ್ಯಾಂಕಿನ ಹತ್ತಿರ ತರಬೇಡಿ. ತಾಮ್ರದ ಅಂಶ ಮೀನಿಗೆ ವಿಷ, ನಮ್ಮಂಥ ಮೆದು ನೀರಿನಲ್ಲಿ ಇನ್ನೂ ಹೆಚ್ಚು.